ಮಳೆಗಾಲದ ಕೊಡಗಿನಲ್ಲಿ ಮಾಡೆಲ್ ಕಾರು: ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ, ಏನು ಮಾಡಬಹುದು

ಮಾಡೆಲ್ ಕಾರು, ಅಂದರೆ ನಿಜವಾದ ಕಾರಿನ ಚಿಕ್ಕ ಪ್ರತಿರೂಪ, ಕಟ್ಟುವವರಿಗೆ ಸಿಗುವ ಸಲಹೆಗಳಲ್ಲಿ ಬಹಳಷ್ಟು ಒಣ ಊರಿನವರು ಕೊಟ್ಟಿದ್ದು. ಅವರ ಕಡೆ ಜುಲೈನಲ್ಲಿ ಗೋಡೆ ಬೆವರುವುದಿಲ್ಲ. ಬೀರುವಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು ಹಿಡಿಯುವುದಿಲ್ಲ. ನಮ್ಮಲ್ಲಿ ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈಗೆ ಸಿಕ್ಕಿದ್ದೆಲ್ಲ ತೇವ. ಕುಶಾಲನಗರದವರಿಗೆ ಸ್ವಲ್ಪ ವಾಸಿ. ಹಾಗಾಗಿ ಬಣ್ಣ ಬೆಳ್ಳಗಾದರೆ, ಗಾಜು ಮಸುಕಾದರೆ, ಸ್ಕ್ರೂಗೆ ತುಕ್ಕು ಬಂದರೆ ಬಿಡಿಭಾಗಗಳ ಕಿಟ್ಟನ್ನೋ ಬಣ್ಣದ ಕಂಪನಿಯನ್ನೋ ಬೈಯುವ ಮೊದಲು ಕೋಣೆಯ ಗಾಳಿಯನ್ನು ನೋಡಿ. ಗಾಳಿ ನೋಡಿ ಆಮೇಲೆ ಗಾಡಿ ನೋಡುವುದು. ಈ ಬರಹದ ಕ್ರಮ ಅದೇ.

## ಯಾವ ದೋಷವಾದರೂ ಮೊದಲು ಇದನ್ನು ಮಾಡಿ

ಒಂದು ಡಿಜಿಟಲ್ ಹೈಗ್ರೋಮೀಟರ್ ತನ್ನಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗಾಳಿಯಲ್ಲಿ ತೇವ ಎಷ್ಟಿದೆ ಅಂತ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಅಗ್ಗದ ಮೀಟರುಗಳು ನಾಲ್ಕೈದು ಅಂಶ ಆಚೀಚೆ ತೋರಿಸುವುದು ಮಾಮೂಲು. ಅದನ್ನು ಅಡುಗೆಮನೆಯ ಉಪ್ಪಿನಲ್ಲೇ ಪರೀಕ್ಷೆ ಮಾಡಬಹುದು.

ಬಾಟಲಿಯ ಮುಚ್ಚಳಕ್ಕೆ ಪುಡಿ ಉಪ್ಪು ಹಾಕಿ. ಕೆಲವು ಹನಿ ನೀರು ಬಿಡಿ. ಉಪ್ಪು ಪೂರ್ತಿ ಕರಗಬಾರದು, ಒದ್ದೆ ಮುದ್ದೆಯಾದರೆ ಸಾಕು. ಮುಚ್ಚಳವನ್ನೂ ಮೀಟರನ್ನೂ ಒಂದು ಜಿಪ್ ಕವರಿನೊಳಗೆ ಹಾಕಿ ಮುಚ್ಚಿ ರಾತ್ರಿಯಿಡೀ ಬಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿ ಶೇ. 75ರಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಮೀಟರ್ 80 ತೋರಿಸಿದರೆ ಅದು 5 ಜಾಸ್ತಿ ಹೇಳುತ್ತಿದೆ ಅಂತ ಅರ್ಥ. ಅದನ್ನು ಮೀಟರಿನ ಬೆನ್ನಿಗೆ ಬರೆದಿಡಿ.

ನನ್ನ ಲೆಕ್ಕ ಹೀಗಿದೆ. ಶೇ. 60ರ ಕೆಳಗೆ ಯಾವ ಕೆಲಸವನ್ನಾದರೂ ಮಾಡಿ. 60ರಿಂದ 75ರವರೆಗೆ ಅಂಟು, ಪುಟ್ಟಿ, ಬ್ರಷ್‌ನಲ್ಲಿ ಅಕ್ರಿಲಿಕ್ ಬಣ್ಣ ನಡೆಯುತ್ತದೆ, ಸ್ಪ್ರೇ ಮಾಡುವುದಾದರೆ ಹುಷಾರು. 75 ದಾಟಿದರೆ ಸ್ಪ್ರೇ ಡಬ್ಬಿ ಮುಟ್ಟಬೇಡಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕತ್ತರಿಸಿ, ಉಜ್ಜಿ, ಜೋಡಿಸಿ ಇಟ್ಟುಕೊಳ್ಳಿ. ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಬಣ್ಣ ಹೊಡೆಯಿರಿ. ಆಗಲೂ ಬೆಳಗಿನ ಮಂಜು ಬಿಟ್ಟು, ಬಿಸಿಲೇರಿದ ಮೇಲೆ ಸುಮಾರು 11ರಿಂದ 3 ಗಂಟೆಯೊಳಗೆ.

## ಬಣ್ಣ ಹೊಡೆದು ಎರಡು ನಿಮಿಷಕ್ಕೆ ಮೇಲ್ಮೈ ಬೆಳ್ಳಗೆ ಮಸುಕಾಯಿತು

ನಮ್ಮಲ್ಲಿ ಜಾಸ್ತಿ ಕೇಳಿಬರುವ ದೂರು ಇದು. ಕಡು ಬಣ್ಣಗಳಲ್ಲಿ, ಅದರಲ್ಲೂ ಕಪ್ಪು, ಕಡು ನೀಲಿ, ಜೀಪಿನ ಮಿಲಿಟರಿ ಹಸಿರಿನಲ್ಲಿ ಎದ್ದು ಕಾಣುತ್ತದೆ. ತೋಟದ ಮನೆಗಳಲ್ಲಿ ಬೆಳೆದವರು ಮೊದಲು ಕಟ್ಟುವುದೇ ಜೀಪು ಅಲ್ವಾ, ಹಾಗಾಗಿ ಈ ಕಾಟ ಬಹಳ ಜನರಿಗೆ ಗೊತ್ತು.

ಕಾರಣ ಸರಳ. ಲ್ಯಾಕರ್ ಬಣ್ಣದ ಥಿನ್ನರ್ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ತಣ್ಣಗಾದ ಮೇಲ್ಮೈ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ. ಆ ನೀರು ಇನ್ನೂ ಒಣಗದ ಬಣ್ಣದೊಳಗೆ ಸಿಕ್ಕಿಕೊಂಡು ಬೆಳ್ಳಗೆ ಕಾಣುತ್ತದೆ. ಇದಕ್ಕೆ ಬ್ಲಶಿಂಗ್ ಅನ್ನುತ್ತಾರೆ. ಕೋಣೆ 20 ಡಿಗ್ರಿ, ತೇವ ಶೇ. 85 ಇದ್ದರೆ ಸುಮಾರು 17.4 ಡಿಗ್ರಿಗೆ ಇಬ್ಬನಿ ಕಟ್ಟುತ್ತದೆ. ಅಂದರೆ ಮೇಲ್ಮೈ ಮೂರು ಡಿಗ್ರಿ ತಣ್ಣಗಾದರೆ ಸಾಕು, ಕೆಲಸ ಕೆಟ್ಟಿತು. ಅದೇ 20 ಡಿಗ್ರಿಯಲ್ಲಿ ತೇವ ಶೇ. 50 ಇದ್ದರೆ ಹತ್ತು ಹನ್ನೊಂದು ಡಿಗ್ರಿ ತಣ್ಣಗಾಗಬೇಕು. ಒಣ ಊರಿನವರು ಇದರ ಬಗ್ಗೆ ತಲೆ ಕೆಡಿಸಿಕೊಳ್ಳದಿರುವುದು ಇದಕ್ಕೇ.

ಮೊದಲ ಪರೀಕ್ಷೆಗೆ ಕಾಸು ಬೇಡ. ಏನೂ ಮಾಡದೆ ಕಾಯಿರಿ. ಕಾರನ್ನು ಬೆಚ್ಚಗಿನ ಒಣ ಜಾಗದಲ್ಲಿ, ಧೂಳು ಬೀಳದ ಹಾಗೆ ಡಬ್ಬಿ ಮುಚ್ಚಿ ಒಂದು ದಿನ ಇಡಿ. ತೆಳುವಾದ ಮಸುಕು ಕೆಲವೊಮ್ಮೆ ತಾನೇ ಹೋಗುತ್ತದೆ. ಒದ್ದೆ ಇರುವಾಗ ಬಟ್ಟೆಯಲ್ಲಿ ಒರೆಸಲು ಹೋದರೆ ಇದ್ದ ಬಣ್ಣವೂ ಹೋಗುತ್ತದೆ.

ಹೋಗಲಿಲ್ಲ ಅಂದರೆ, ಮಸುಕಾದದ್ದು ಯಾವ ಪದರ ನೋಡಿ. ಮೇಲಿನ ಮ್ಯಾಟ್ ಕ್ಲಿಯರ್ ಕೋಟ್ (ಹೊಳಪಿಲ್ಲದ ಪಾರದರ್ಶಕ ಪದರ) ಮಾತ್ರ ಬೆಳ್ಳಗಾಗಿದ್ದರೆ ಒಣ ದಿನ ನೋಡಿ ಅದರ ಮೇಲೆ ತೆಳುವಾಗಿ ಹೊಳಪಿನ ಕ್ಲಿಯರ್ ಹೊಡೆಯಿರಿ. ಬಹಳ ಸಲ ಬಣ್ಣ ವಾಪಸ್ ಬರುತ್ತದೆ. ಆಮೇಲೆ ಬೇಕಿದ್ದರೆ ಮತ್ತೆ ಮ್ಯಾಟ್. ಬಣ್ಣದ ಪದರವೇ ಬೆಳ್ಳಗಾಗಿದ್ದರೆ ನಿಧಾನವಾಗಿ ಆವಿಯಾಗುವ ಥಿನ್ನರನ್ನು, ಅಂದರೆ ರಿಟಾರ್ಡರ್ ಸೇರಿಸಿದ್ದನ್ನು, ಏರ್‌ಬ್ರಷ್‌ನಲ್ಲಿ ತೀರಾ ತೆಳುವಾಗಿ ಮೇಲೆ ಹಾಯಿಸಬೇಕು. ಬಣ್ಣ ಸ್ವಲ್ಪ ಮೆತ್ತಗಾಗಿ ಒಳಗಿನ ನೀರು ಹೊರಗೆ ಹೋಗುತ್ತದೆ. ಇದಕ್ಕೆ ಕೈ ಪಳಗಿರಬೇಕು. ವಾಹನಗಳ ಬಣ್ಣದ ಅಂಗಡಿಯಲ್ಲಿ ಸಿಗುವ ರಿಟಾರ್ಡರ್ ಪ್ಲಾಸ್ಟಿಕ್ಕಿಗೆ ಖಾರ. ಕಿಟ್‌ನ ಭಾಗಗಳನ್ನು ಹಿಡಿದಿರುವ ಕಡ್ಡಿಯ ಮೇಲೆ ಮೊದಲು ಹಾಕಿ ನೋಡಿ. ಕಡ್ಡಿ ಮೆತ್ತಗಾದರೆ ಅದನ್ನು ಕಾರಿನ ಹತ್ತಿರ ತರಬೇಡಿ.

ಏರ್‌ಬ್ರಷ್ ಬಳಸುವವರಿಗೆ ಇನ್ನೊಂದು. ಮಸುಕಿನ ಬದಲು ಚಿಕ್ಕ ಚಿಕ್ಕ ನೀರಿನ ಚುಕ್ಕೆ ಬಿದ್ದಿದ್ದರೆ ಅದು ಕೋಣೆಯ ಗಾಳಿಯಲ್ಲ, ಕಂಪ್ರೆಸರಿನೊಳಗೆ ಕಟ್ಟಿದ ನೀರು. ಒತ್ತಡ ಇಳಿಸಿ ಟ್ಯಾಂಕಿನ ಅಡಿಯ ಡ್ರೈನ್ ತಿರುಪನ್ನು ಬಿಚ್ಚಿ ಖಾಲಿ ಮಾಡಿ. ಪೈಪಿನ ನಡುವೆ ನೀರು ಹಿಡಿಯುವ ಮಾಯಿಶ್ಚರ್ ಟ್ರ್ಯಾಪ್ ಇದೆಯಾ, ಅದು ತುಂಬಿದೆಯಾ ನೋಡಿ. ಮಳೆಗಾಲದಲ್ಲಿ ಪ್ರತಿ ಸಲ ಕೂರುವಾಗಲೂ ನೋಡಬೇಕಾಗುತ್ತದೆ.

ಮಳೆಯಲ್ಲೇ ಹೊಡೆಯಬೇಕು, ಕಾಯಲು ಆಗುವುದಿಲ್ಲ ಅನ್ನುವವರು ಕೋಣೆಯನ್ನು ಬೆಚ್ಚಗೆ ಮಾಡಿ. 20 ಡಿಗ್ರಿ, ಶೇ. 85 ಇರುವ ಗಾಳಿಯನ್ನು 28 ಡಿಗ್ರಿಗೆ ಏರಿಸಿದರೆ ತೇವ ಸುಮಾರು ಶೇ. 53ಕ್ಕೆ ಇಳಿಯುತ್ತದೆ. ಕಾರಿನ ಬಾಡಿ, ಬಣ್ಣ ಎರಡೂ ಆ ಬೆಚ್ಚಗಿನ ಕೋಣೆಯಲ್ಲಿ ಒಂದೆರಡು ಗಂಟೆ ಇರಲಿ. ತಣ್ಣಗಿನ ಬಾಡಿಯನ್ನು ತಂದು ಕೂಡಲೇ ಹೊಡೆದರೆ ಉಪಯೋಗವಿಲ್ಲ.

## ಇಲ್ಲಿ ನಿಂತು ಓದಿ: ಬೆಂಕಿ, ಹೊಗೆ, ಕೆಂಡ

ಮಳೆ ಅಂತ ಕಿಟಕಿ ಮುಚ್ಚುತ್ತೇವೆ. ಥಂಡಿ ಅಂತ ಹೀಟರ್ ಹಾಕುತ್ತೇವೆ. ಇವೆರಡರ ನಡುವೆ ಥಿನ್ನರ್ ತಂದರೆ ಅಪಾಯ. ಥಿನ್ನರಿನ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಮೊದಲು ಕೋಣೆ ಬೆಚ್ಚಗೆ ಮಾಡಿ, ಹೀಟರ್ ಆರಿಸಿ, ಕೋಣೆಯಿಂದ ಆಚೆ ಇಟ್ಟು, ಆಮೇಲೆ ಸ್ಪ್ರೇ ಮಾಡಿ. ಕಿಟಕಿ ಸ್ವಲ್ಪವಾದರೂ ತೆರೆದಿರಲಿ. ಬಚ್ಚಲಲ್ಲಿ ಹಂಡೆ ಒಲೆ ಉರಿಯುತ್ತಿದ್ದರೆ ಅದರ ಪಕ್ಕದ ಕೋಣೆಯಲ್ಲಿ ಸ್ಪ್ರೇ ಬೇಡ. ಹೊಡೆದ ಕಾರನ್ನು ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡುವುದೂ ಬೇಡ. ಅಲ್ಲಿ ಮಸಿ ಕೂರುತ್ತದೆ, ಶಾಖವೂ ನಮ್ಮ ಹತೋಟಿಯಲ್ಲಿ ಇರುವುದಿಲ್ಲ.

ಮುಚ್ಚಿದ ಕೋಣೆಯಲ್ಲಿ ಕೆಂಡದ ಪಾತ್ರೆ ಇಡಲೇಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ. ತಲೆ ಭಾರ, ವಾಕರಿಕೆ ಅನ್ನಿಸಿದ ಕೂಡಲೇ ಆಚೆ ಬನ್ನಿ. ಗಾಳಿಗೆ ಬಂದ ಮೇಲೂ ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗಿ.

ಬಟ್ಟೆಯ ಮಾಸ್ಕ್, ಸರ್ಜಿಕಲ್ ಮಾಸ್ಕ್ ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ಬೇಕು. ಸ್ಪ್ರೇ ಡಬ್ಬಿ ತಣ್ಣಗಿದ್ದು ಬಣ್ಣ ಸರಿಯಾಗಿ ಬರದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಒಲೆಯ ಮೇಲೆ, ಕುದಿಯುವ ನೀರಿನಲ್ಲಿ ಇಟ್ಟರೆ ಸಿಡಿಯುತ್ತದೆ.

## ಬಣ್ಣ ಒಣಗುತ್ತಲೇ ಇಲ್ಲ, ಬೆರಳಿಗೆ ಅಂಟುತ್ತದೆ

ಯಾವ ಬಣ್ಣ ಅಂತ ಡಬ್ಬಿ ನೋಡಿ. ಎನಾಮಲ್ ಆದರೆ ಗಾಬರಿ ಬೇಡ. ಅದು ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಚಳಿಯಲ್ಲಿ ಇದು ನಿಧಾನ. ಒಂದು ವಾರ ಬಿಡಿ, ದಪ್ಪ ಹೊಡೆದಿದ್ದರೆ ಇನ್ನೂ ಜಾಸ್ತಿ. ವಾಸನೆ ಹೋಗಿದೆಯಾ ಅಂತ ಮೂಗು ಹತ್ತಿರ ತಂದು ನೋಡಿ. ಥಿನ್ನರ್ ವಾಸನೆ ಬರುತ್ತಿರುವ ತನಕ ಬಣ್ಣ ಪೂರ್ತಿ ಗಟ್ಟಿಯಾಗಿಲ್ಲ.

ವಾರಗಳಾದರೂ ಅಂಟಂಟಾಗಿದ್ದರೆ ಬಣ್ಣ ಚೆನ್ನಾಗಿ ಕಲಸಿರಲಿಕ್ಕಿಲ್ಲ, ಅಥವಾ ಥಿನ್ನರ್ ಜಾತಿ ಬೇರೆ. ಅಂಥದ್ದನ್ನು ತೆಗೆದು ಮತ್ತೆ ಹೊಡೆಯುವುದೇ ದಾರಿ. ಮೇಲೆ ಇನ್ನೊಂದು ಕೋಟ್ ಹೊಡೆದು ಮುಚ್ಚಿದರೆ ಒಳಗಿನದ್ದು ಇನ್ನೂ ಒಣಗುವುದಿಲ್ಲ.

ಒಣಗಿಸುವ ಪೆಟ್ಟಿಗೆ ಮಾಡಿಕೊಳ್ಳುವವರು ತಗಡಿನ ಅಥವಾ ಮರದ ಪೆಟ್ಟಿಗೆಯಲ್ಲಿ 40 ವಾಟಿನ ಹಳೇ ಕಾಲದ ತಂತಿ ಬಲ್ಬ್ ಹಾಕುತ್ತಾರೆ. ಎಲ್‌ಇಡಿ ಹಾಕಿದರೆ ಶಾಖ ಬರುವುದಿಲ್ಲ. ಒಳಗೆ ಒಂದು ಥರ್ಮಾಮೀಟರ್ ಇರಲಿ, 40 ಡಿಗ್ರಿ ದಾಟದಿರಲಿ. ಕಿಟ್ಟಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಬಾಡಿ ಶಾಖಕ್ಕೆ ಬಾಗುತ್ತದೆ, ಬಾಗಿದ ಮೇಲೆ ಬಾನೆಟ್ ಕೂರುವುದಿಲ್ಲ. ಈಗಷ್ಟೇ ಹೊಡೆದ ಬಾಡಿಯನ್ನು ಬಲ್ಬಿನ ಪೆಟ್ಟಿಗೆಗೆ ಹಾಕಬೇಡಿ, ಮೊದಲು ಹೊರಗೆ ಆವಿ ಹೋಗಲಿ. ಯಾರೂ ಇಲ್ಲದ ಮನೆಯಲ್ಲಿ ಬಲ್ಬ್ ಉರಿಸಿಟ್ಟು ತೋಟಕ್ಕೆ ಹೋಗುವುದಂತೂ ಬೇಡ.

## ಬಣ್ಣ ನುಣುಪಾಗಿಲ್ಲ: ತರಿತರಿ, ಗುಂಡಿ ಅಥವಾ ಬಿರುಕು

ಈ ಮೂರನ್ನು ಬಹಳ ಜನ ಒಂದೇ ಅಂದುಕೊಳ್ಳುತ್ತಾರೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.

ಕೊಡಗಿನ ಕಿತ್ತಳೆ ಸಿಪ್ಪೆಯ ಹಾಗೆ ಎಲ್ಲೆಡೆ ಸಣ್ಣ ಉಬ್ಬು ತಗ್ಗು ಇದ್ದರೆ ಬಣ್ಣ ಮಂದವಾಗಿತ್ತು, ಅಥವಾ ದೂರದಿಂದ ಹೊಡೆದಿದ್ದೀರಿ. ಪೂರ್ತಿ ಗಟ್ಟಿಯಾದ ಮೇಲೆ 2000 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ಉಜ್ಜಿ, ಪಾಲಿಶ್ ಮಾಡಿದರೆ ಸರಿಹೋಗುತ್ತದೆ. ಅಂಚುಗಳಲ್ಲಿ ಬಣ್ಣ ತೆಳು, ಅಲ್ಲಿ ಕೈ ತಡೆಯಿರಿ.

ಅಲ್ಲಲ್ಲಿ ದುಂಡು ಗುಂಡಿ, ಬಣ್ಣ ಹಿಂದೆ ಸರಿದ ಹಾಗಿದ್ದರೆ ಅಡಿಯಲ್ಲಿ ಎಣ್ಣೆಯಂಶ ಇದೆ. ಅಚ್ಚಿನಿಂದ ಬಿಡಿಸಲು ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆ ಇರಬಹುದು, ಕಾರಿನ ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ಪಾಲಿಶ್ ಇರಬಹುದು, ಪಂದಿ ಕರಿ ತಿಂದು ಸರಿಯಾಗಿ ತೊಳೆಯದ ಕೈ ಇರಬಹುದು. ಮೇಲೆ ಎಷ್ಟು ಹೊಡೆದರೂ ಗುಂಡಿ ಹೋಗುವುದಿಲ್ಲ. ಬಣ್ಣ ತೆಗೆದು, ಪಾತ್ರೆ ತೊಳೆಯುವ ದ್ರವ ಹಾಕಿದ ನೀರಿನಲ್ಲಿ ಬಾಡಿಯನ್ನು ತೊಳೆದು, ಒಣಗಿಸಿ, ಮುಂದೆ ಕೈಗವಸು ಹಾಕಿಕೊಂಡು ಮುಟ್ಟಿ.

ಬಲೆಯ ಹಾಗೆ ಸಣ್ಣ ಬಿರುಕು ಹರಡಿದ್ದರೆ ಕೆಳಗಿನ ಪದರ ಒಣಗುವ ಮೊದಲೇ ಮೇಲೆ ಖಾರದ ಬಣ್ಣ ಬಿದ್ದಿದೆ. ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಹೀಗಾಗುತ್ತದೆ. ಅಡಿಗೆ ಲ್ಯಾಕರ್, ನಡುವೆ ಅಕ್ರಿಲಿಕ್, ಮೇಲೆ ಎನಾಮಲ್ ಅನ್ನುವ ಕ್ರಮ ಹಿಡಿದರೆ ಈ ಕಾಟ ಬರುವುದಿಲ್ಲ. ಪ್ರೈಮರ್ ಇಲ್ಲದ ಬರೀ ಪ್ಲಾಸ್ಟಿಕ್ ಮೇಲೆ ವಾಹನದ ಬಣ್ಣ ಹೊಡೆದರೆ ಬಿರುಕು ಪ್ಲಾಸ್ಟಿಕ್ಕಿಗೇ ಬರುತ್ತದೆ. ಆ ಬಾಡಿಯನ್ನು ಉಜ್ಜಿ ಪುಟ್ಟಿ ಹಾಕಿ ಉಳಿಸಬಹುದು, ಆದರೆ ಇನ್ನೊಂದು ಬಾಡಿ ಹುಡುಕುವುದು ಸುಲಭ.

## ಗಾಜು ಅಂಟಿಸಿದ ಮೇಲೆ ಸುತ್ತ ಬಿಳಿ ಹೊಗೆ ಕೂತಿದೆ

ಇದು ಫೆವಿಕ್ವಿಕ್ ಜಾತಿಯ ಸೂಪರ್ ಗ್ಲೂ ಕೆಲಸ. ಅಂಟಿನ ಆವಿ ಎದ್ದು, ಗಾಳಿಯ ತೇವ ತಗುಲಿ, ಗಾಜಿನ (ಅಂದರೆ ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್ಕಿನ) ಮೇಲೆ ಬಿಳಿಯಾಗಿ ಗಟ್ಟಿಯಾಗುತ್ತದೆ. ತೇವ ಜಾಸ್ತಿ ಇದ್ದರೆ ಬಿಳಿಯೂ ಜಾಸ್ತಿ. ಬೆರಳಚ್ಚು ಇದ್ದ ಕಡೆ ಇನ್ನೂ ಚೆನ್ನಾಗಿ ಕೂರುತ್ತದೆ.

ತೆಳುವಾಗಿದ್ದರೆ ಕಿವಿಗೆ ಬಳಸುವ ಹತ್ತಿ ಕಡ್ಡಿಯಲ್ಲಿ ಪಾಲಿಶ್ ಹಚ್ಚಿ ಉಜ್ಜಿ. ಹೋಗದಿದ್ದರೆ ಗಾಜನ್ನು ಬಿಡಿಸಿ 2000ರ ವಾಟರ್ ಪೇಪರ್, ಆಮೇಲೆ ಪಾಲಿಶ್, ಕೊನೆಗೆ ಹೊಳಪಿನ ಅಕ್ರಿಲಿಕ್ ಕ್ಲಿಯರಿನಲ್ಲಿ ಅದ್ದಿ ತೆಗೆಯಿರಿ. ಗಾಜು ಒಳಗಿನಿಂದ ಮಸುಕಾಗಿದ್ದು ಬಾಡಿ ಮುಚ್ಚಿಯಾಗಿದ್ದರೆ ಬಿಟ್ಟುಬಿಡಿ. ಬಿಡಿಸಲು ಹೋಗಿ ಕಿಟಕಿಯ ಕಂಬ ಮುರಿದುಕೊಳ್ಳುವುದಕ್ಕಿಂತ ಮಸುಕು ಗಾಜೇ ವಾಸಿ.

ಮುಂದೆ ಗಾಜಿಗೆ ಫೆವಿಕಾಲ್ ಬಳಸಿ. ಒಣಗಿದರೆ ಪಾರದರ್ಶಕ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಮಳೆಗಾಲದಲ್ಲಿ ಒಣಗಲು ಒಂದು ರಾತ್ರಿ ಕೊಡಿ. ಸೂಪರ್ ಗ್ಲೂ ಬಾಟಲಿಯೊಳಗೇ ಗಟ್ಟಿಯಾಗುವುದೂ ತೇವದಿಂದಲೇ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬಿಯಲ್ಲಿಡಿ. ಅದು ಕಣ್ಣಿಗೆ ಸಿಡಿದರೆ ರೆಪ್ಪೆಯನ್ನು ಎಳೆದು ಬಿಡಿಸಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಸೀದಾ ಕಣ್ಣಿನ ಡಾಕ್ಟರ ಬಳಿ ಹೋಗಿ.

## ಡೆಕಾಲ್ ಅಡಿಯಲ್ಲಿ ಬೆಳ್ಳಿ ಮಿಂಚು

ಡೆಕಾಲ್ ಅಂದರೆ ನೀರಿನಲ್ಲಿ ನೆನೆಸಿ ಕಾರಿಗೆ ಅಂಟಿಸುವ ತೆಳು ಚಿತ್ರ, ಅಕ್ಷರ. ಅದರ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ, ಅಷ್ಟೇ. ಮ್ಯಾಟ್ ಬಣ್ಣದ ಒರಟು ಮೇಲ್ಮೈ ಮೇಲೆ ಡೆಕಾಲ್ ಹಾಕಿದರೆ ಹೀಗಾಗುತ್ತದೆ. ಸೂಜಿಯಲ್ಲಿ ಅಲ್ಲಲ್ಲಿ ಚುಚ್ಚಿ, ಡೆಕಾಲ್ ಮೆತ್ತಗಾಗಿಸುವ ದ್ರವ ಹಚ್ಚಿ, ಒದ್ದೆ ಬ್ರಷ್‌ನಲ್ಲಿ ಒತ್ತಿ. ಮುಂದಿನ ಸಲ ಹೊಳಪಿನ ಕೋಟ್ ಹೊಡೆದ ಮೇಲೆ ಡೆಕಾಲ್ ಹಾಕಿ.

## ಶೋಕೇಸಿನಲ್ಲಿಟ್ಟ ಕಾರಿನ ಮೇಲೆ ಬಿಳಿ ಏನೋ ಬಂದಿದೆ

ಇಲ್ಲಿ ಆತುರ ಬೇಡ. ಬಿಳಿಯೆಲ್ಲ ಬೂಷ್ಟಲ್ಲ. ಉಜ್ಜುವ ಮೊದಲು ಭೂತಗನ್ನಡಿ ಹಿಡಿದು ನೋಡಿ.

ಎಳೆ ಎಳೆಯಾಗಿ, ಚುಕ್ಕೆ ಚುಕ್ಕೆಯಾಗಿ ಹರಡಿದ್ದು, ಮಳೆಗಾಲದ ಬೀರುವಿನ ವಾಸನೆ ಬಂದರೆ ಬೂಷ್ಟು. ಡಬ್ಬಿಯ ರಟ್ಟಿನ ಮೇಲೂ ಇರುತ್ತದೆ. ತೇವ ಶೇ. 70ರ ಮೇಲೆ ನಿಂತರೆ ಇದು ಬೆಳೆಯುತ್ತದೆ. ಕಾರನ್ನು ಜಗಲಿಗೆ ತಂದು, ಮೂಗಿಗೆ ಮಾಸ್ಕ್ ಕಟ್ಟಿ, ಮೆತ್ತಗಿನ ಬ್ರಷ್‌ನಲ್ಲಿ ಉದುರಿಸಿ. ಆಮೇಲೆ ಸೋಪು ನೀರಿನಲ್ಲಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ಒಣಗಿಸಿ. ಸ್ಯಾನಿಟೈಸರ್, ಸ್ಪಿರಿಟ್ ಹಾಕಬೇಡಿ. ಅಕ್ರಿಲಿಕ್ ಬಣ್ಣ ಮತ್ತು ಮುದ್ರಿತ ಅಕ್ಷರಗಳು ಕಿತ್ತುಬರುತ್ತವೆ. ಆಸ್ತಮಾ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಿ.

ಟೈರಿನ ಮೇಲೆ ಮಾತ್ರ ಜಿಡ್ಡು ಜಿಡ್ಡಾದ ಬಿಳಿ ಇದ್ದರೆ ಅದು ಟೈರಿನೊಳಗಿಂದ ಹೊರಬಂದ ಅಂಶ. ಅದರ ವಿಷಯ ಮುಂದೆ ಇದೆ.

ಲೋಹದ ಅಡಿಭಾಗದಲ್ಲಿ, ಬಣ್ಣವಿಲ್ಲದ ಕಡೆ, ಗಟ್ಟಿ ಪುಡಿಯಾಗಿ ಅಂಟಿಕೊಂಡಿದ್ದರೆ ಅದು ಸತುವಿನ ತುಕ್ಕು. ಸ್ಕ್ರೂ ಮತ್ತು ಆಕ್ಸಲ್ ಹತ್ತಿರ ಕೆಂಪಾಗಿದ್ದರೆ ಉಕ್ಕಿನ ತುಕ್ಕು. ಇವೆರಡಕ್ಕೂ ಕಾರಣ ತೇವ. ಕೆಲವೊಮ್ಮೆ ಕಪಾಟಿನದ್ದೂ ತಪ್ಪಿರುತ್ತದೆ. ಹೊಸ ಗಾಜಿನ ಶೋಕೇಸ್ ಮಾಡಿಸಿದಾಗ ಅಂಚಿಗೆ ಹಾಕುವ ಸಿಲಿಕೋನ್‌ನಲ್ಲಿ ವಿನೆಗರ್ ವಾಸನೆ ಬರುವ ಜಾತಿಯೊಂದಿದೆ. ಆ ವಾಸನೆ ಅಸಿಟಿಕ್ ಆಮ್ಲದ್ದು. ಅದು ಸೀಸ, ಸತು ಎರಡನ್ನೂ ತಿನ್ನುತ್ತದೆ. ಕೆಲವು ಮರ, ಹೊಸ ಪ್ಲೈವುಡ್ ಸಹ ಆಮ್ಲದ ಆವಿ ಬಿಡುತ್ತವೆ. ಹೊಸ ಶೋಕೇಸಿನ ಬಾಗಿಲು ತೆರೆದು ಮೂಸಿ ನೋಡಿ. ವಾಸನೆ ಪೂರ್ತಿ ಹೋಗುವ ತನಕ ತೆರೆದಿಡಿ, ಕಾರು ಜೋಡಿಸಬೇಡಿ. ಸೀಸ ಬೆರೆತ ಹಳೇ ವೈಟ್ ಮೆಟಲ್ ಕಿಟ್‌ಗಳಿಗೆ ಇದು ಇನ್ನೂ ಮುಖ್ಯ.

ಆಕ್ಸಲಿನ ಕೆಂಪು ತುಕ್ಕಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಒಂದೇ ಹನಿ ಮುಟ್ಟಿಸಿ. ಕೈಲ್‌ಪೊಳ್ದ್ ಅನ್ನುವ ಆಯುಧ ಪೂಜೆಯ ಹಬ್ಬ ಹತ್ತಿರ ಬಂತು ಅಂತ ಕೋವಿ ಒರೆಸಲು ತೆಗೆದ ಎಣ್ಣೆಯನ್ನೇ ಕಾರಿಗೂ ಹಾಕೋಣ ಅನ್ನಿಸುತ್ತದೆ. ಕೆಲವು ಕೋವಿ ಎಣ್ಣೆಗಳಲ್ಲಿ ದ್ರಾವಕ ಇರುತ್ತದೆ. ಅದು ಪ್ಲಾಸ್ಟಿಕ್ಕಿಗೂ ಬಣ್ಣಕ್ಕೂ ಒಳ್ಳೆಯದಲ್ಲ.

ಇಡುವ ಜಾಗವನ್ನು ಶೇ. 45ರಿಂದ 55ರೊಳಗೆ ನಿಲ್ಲಿಸಲು ಸಿಲಿಕಾ ಜೆಲ್ ಸಾಕು, ಆದರೆ ಡಬ್ಬಿ ಬಿಗಿಯಾಗಿರಬೇಕು. ಸಂದಿ ಇರುವ ಶೋಕೇಸಿನಲ್ಲಿ ಜೆಲ್ ಇಡುವುದು ಸುಮ್ನೆ ದುಡ್ಡು ದಂಡ. ಜುಲೈನಲ್ಲಿ ಡಬ್ಬಿ ಮುಚ್ಚಿದರೆ ಜುಲೈನ ಗಾಳಿಯನ್ನೇ ಒಳಗೆ ಹಾಕಿ ಮುಚ್ಚಿದಂತೆ. ಸಾಧ್ಯವಾದರೆ ಮೇ ತಿಂಗಳ ಒಣ ಮಧ್ಯಾಹ್ನ ಮುಚ್ಚಿ. ಕಿತ್ತಳೆ ಬಣ್ಣದ ಜೆಲ್ ತೆಗೆದುಕೊಳ್ಳಿ, ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಅನ್ನುವ ವಿಷಕಾರಿ ವಸ್ತು ಇರುತ್ತದೆ. ಬಣ್ಣ ಬದಲಾದಾಗ ಪೊಟ್ಟಣದಿಂದ ಸುರಿದು ಸುಮಾರು 120 ಡಿಗ್ರಿ ಓವನ್‌ನಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು. ಅದಕ್ಕೆ ಬೇರೆ ತಟ್ಟೆ ಇರಲಿ, ಕಾಫಿ ಬೀಜ ಹುರಿಯುವ ಬಾಣಲೆ ಬೇಡ.

## ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗಿದೆ, ಬಾಡಿಯಲ್ಲಿ ಕೂದಲೆಳೆ ಬಿರುಕು

ಡೈಕಾಸ್ಟ್, ಅಂದರೆ ಲೋಹವನ್ನು ಅಚ್ಚಿಗೆ ಎರಕ ಹೊಯ್ದು ಮಾಡಿದ ಕಾರುಗಳನ್ನು, ಸಂಗ್ರಹಿಸುವವರಿಗೆ ಇದಕ್ಕಿಂತ ಕೆಟ್ಟ ಲಕ್ಷಣ ಇಲ್ಲ. ಆದರೂ ಮೊದಲು ಸುಲಭದ ಕಾರಣ ನೋಡಿ. ಕೀಲಿನಲ್ಲಿ ಧೂಳು, ಬೂಷ್ಟು ಕೂತಿರಬಹುದು. ಬ್ರಷ್‌ನಲ್ಲಿ ಸ್ವಚ್ಛ ಮಾಡಿ. ಸಡಿಲವಾದರೆ ಅಲ್ಲಿಗೆ ಮುಗಿಯಿತು.

ಇಲ್ಲವಾದರೆ ಬಾಡಿ ಮತ್ತು ತಳದ ಉದ್ದ ಹೋಲಿಸಿ. ಪ್ಲಾಸ್ಟಿಕ್ ತಳ ಬಿಲ್ಲಿನಂತೆ ಬಾಗಿದೆಯಾ? ಬಾಗಿಲಿನ ಸಂದಿ ಒಂದು ಕಡೆ ಮುಚ್ಚಿಹೋಗಿದೆಯಾ? ಬಿರುಕಿನ ಅಂಚು ಮೇಲೆದ್ದಿದೆಯಾ? ಇವು ಕಂಡರೆ ಲೋಹವೇ ಒಳಗಿನಿಂದ ಊದುತ್ತಿದೆ. ಜಿಂಕ್ ಪೆಸ್ಟ್ ಅನ್ನುವುದು ಇದಕ್ಕೇ.

ಡೈಕಾಸ್ಟ್ ಕಾರಿನ ಲೋಹ ಜಮಾಕ್. ಹೆಚ್ಚಿನ ಪಾಲು ಸತು, ಸುಮಾರು ಶೇ. 4 ಅಲ್ಯೂಮಿನಿಯಂ. ಎರಕ ಹೊಯ್ಯುವಾಗ ಸೀಸ, ತವರ, ಕ್ಯಾಡ್ಮಿಯಂ ಸ್ವಲ್ಪ ಬೆರೆತುಹೋದರೂ ಲೋಹದ ಹರಳುಗಳ ಸಂದಿಯಲ್ಲಿ ತುಕ್ಕು ಶುರುವಾಗುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ನಡೆದು ಒಂದು ದಿನ ಹೊರಗೆ ಕಾಣುತ್ತದೆ. 1930ರ ದಶಕದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ತಯಾರಾದ ಡಿಂಕಿ ಟಾಯ್ಸ್ ಕಾರುಗಳಲ್ಲಿ ಬಹಳಷ್ಟು ಹೀಗೆಯೇ ಪುಡಿಯಾಗಿವೆ. ಈಚಿನ ಕಾರುಗಳಲ್ಲೂ ಕಾಣಿಸಿಕೊಳ್ಳುತ್ತದೆ. ಶೆಖೆ ಮತ್ತು ತೇವ ಇದನ್ನು ಬೇಗ ಬೆಳೆಸುತ್ತವೆ. ಆದರೆ ಮೂಲ ತಪ್ಪು ಎರಕದಲ್ಲೇ ಇರುತ್ತದೆ. ಮಡಿಕೇರಿಯ ಮಳೆ ಅದನ್ನು ಹುಟ್ಟಿಸುವುದಿಲ್ಲ.

ಇದು ಒಂದು ಕಾರಿನಿಂದ ಇನ್ನೊಂದಕ್ಕೆ ಅಂಟುತ್ತದೆ ಅನ್ನುವ ಭಯ ಬೇಡ. ಅಂಟುವುದಿಲ್ಲ. ಹಾಗೆಯೇ ವಾಸಿಯೂ ಆಗುವುದಿಲ್ಲ. ಅಂಟು ಹಾಕಿ, ಪುಟ್ಟಿ ತುಂಬಿ, ಬಣ್ಣ ಹೊಡೆದರೆ ಹೊರಗೆ ಚೆಂದ ಕಾಣಬಹುದು, ಒಳಗೆ ಊದುವುದು ನಿಲ್ಲುವುದಿಲ್ಲ. ಫೋಟೋ ತೆಗೆದು ದಿನಾಂಕ ಬರೆದಿಡಿ, ಒಂದು ತಿಂಗಳು ಬಿಟ್ಟು ಮತ್ತೆ ಹೋಲಿಸಿ. ಬೆಳೆಯುತ್ತಿದ್ದರೆ ಒಣ, ತಂಪು ಜಾಗದಲ್ಲಿ ಒಂಟಿಯಾಗಿ ಇಟ್ಟು ಮುಟ್ಟುವುದನ್ನು ಕಡಿಮೆ ಮಾಡಿ. ಮಾರುವುದಾದರೆ ಈ ವಿಷಯ ಹೇಳಿಯೇ ಮಾರಬೇಕು.

ಬಣ್ಣದಲ್ಲಿ ಸಣ್ಣ ಗುಳ್ಳೆ ಮಾತ್ರ ಇದ್ದು, ಬಿರುಕಿಲ್ಲ, ಆಕಾರ ಕೆಟ್ಟಿಲ್ಲ ಅಂದರೆ ಇದು ಬೇರೆ. ಕಾರ್ಖಾನೆಯಲ್ಲಿ ಲೋಹವನ್ನು ಸರಿಯಾಗಿ ಸ್ವಚ್ಛ ಮಾಡದೆ ಬಣ್ಣ ಹೊಡೆದಾಗ ಹೀಗಾಗುತ್ತದೆ. ಗುಳ್ಳೆಯನ್ನು ಒಡೆಯಬೇಡಿ. ಒಣ ಡಬ್ಬಿಗೆ ಹಾಕಿ, ಹರಡುವುದು ನಿಲ್ಲುತ್ತದಾ ನೋಡಿ.

ಹಳೇ ಕಾರುಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಉಂಟು. ಪುಡಿಯಾಗುತ್ತಿರುವ ಲೋಹವನ್ನು, ಹಳೇ ಬಣ್ಣವನ್ನು ಒಣದಾಗಿ ಉಜ್ಜಬೇಡಿ. ಬಿದ್ದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಅಜ್ಜನ ಕಾಲದ, ಬೆಲೆ ಬಾಳುವ ಕಾರು ಅನ್ನಿಸಿದರೆ ಏನೂ ಮಾಡದೆ ಅನುಭವಿ ಸಂಗ್ರಾಹಕರಿಗೆ ತೋರಿಸಿ. ಮೂಲ ಬಣ್ಣ ಕಿತ್ತು ಹೊಸದಾಗಿ ಹೊಡೆದ ಕಾರಿಗೆ ಬೆಲೆ ಇಳಿಯುತ್ತದೆ.

## ಟೈರ್ ಅಂಟಂಟು, ಕಾರು ನಿಂತ ಜಾಗದಲ್ಲಿ ಕಲೆ

ಮೆತ್ತಗಿನ ಪಿವಿಸಿ ಟೈರುಗಳಿಗೆ ಪ್ಲಾಸ್ಟಿಸೈಸರ್ ಅನ್ನುವ ಎಣ್ಣೆಯಂಥ ವಸ್ತು ಸೇರಿಸಿರುತ್ತಾರೆ. ಅದು ನಿಧಾನವಾಗಿ ಹೊರಬರುತ್ತದೆ. ಹೊರಬಂದು ಸುಮ್ಮನಿರುವುದಿಲ್ಲ, ತಾಗಿದ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಹಳೇ ಕಿಟ್ ತೆರೆದಾಗ ಟೈರ್ ತಾಗಿದ ಗಾಜಿನಲ್ಲಿ ಟೈರಿನ ಅಚ್ಚೇ ಬಿದ್ದಿರುವುದು ಇದರಿಂದ.

ಜಿಡ್ಡು ಮಾತ್ರ ಇದ್ದರೆ ಟೈರ್ ಬಿಚ್ಚಿ ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ರಿಮ್ ಕರಗಲು ಶುರುವಾಗಿದ್ದರೆ ರಿಮ್ ಮತ್ತು ಟೈರಿನ ನಡುವೆ ನಲ್ಲಿ ಕೆಲಸದವರು ಬಳಸುವ ಟೆಫ್ಲಾನ್ ಟೇಪ್ ಒಂದು ಸುತ್ತು ಸುತ್ತಿ. ಕಾರನ್ನು ನೇರ ಪ್ಲಾಸ್ಟಿಕ್ ತಳದ ಮೇಲೆ ನಿಲ್ಲಿಸಬೇಡಿ, ಟೈರಿನ ಅಡಿಗೆ ಅಲ್ಯೂಮಿನಿಯಂ ಫಾಯಿಲ್ ಚೂರು ಇಡಿ. ಇನ್ನೂ ಒಳ್ಳೆಯದು ಅಂದರೆ ಕಾರಿನ ತಳಕ್ಕೆ ಆಸರೆ ಕೊಟ್ಟು ಟೈರನ್ನು ಸ್ವಲ್ಪ ಎತ್ತಿ ನಿಲ್ಲಿಸುವುದು. ಕಟ್ಟದೆ ಇಟ್ಟಿರುವ ಕಿಟ್‌ಗಳ ಟೈರುಗಳನ್ನು ಇವತ್ತೇ ಬೇರೆ ಕವರಿಗೆ ಹಾಕಿ. ಎರಡು ನಿಮಿಷದ ಕೆಲಸ, ಒಂದು ಗಾಜು ಉಳಿಯುತ್ತದೆ.

## ಒಂದು ಚಕ್ರ ನೆಲಕ್ಕೆ ತಾಗುತ್ತಿಲ್ಲ

ಮೊದಲು ಮೇಜನ್ನು ಅನುಮಾನಿಸಿ. ಹಳೇ ಮರದ ಮೇಜು ಮಳೆಗಾಲದಲ್ಲಿ ಉಬ್ಬಿರುತ್ತದೆ. ಕಾರನ್ನು ದಪ್ಪ ಗಾಜಿನ ಮೇಲೆ ನಿಲ್ಲಿಸಿ, ಪ್ರತಿ ಟೈರಿನ ಅಡಿಗೆ ಕಾಗದದ ಪಟ್ಟಿ ತೂರಿಸಿ ನೋಡಿ. ಪಟ್ಟಿ ಸಲೀಸಾಗಿ ಹೋದ ಚಕ್ರವೇ ಮೇಲಿದೆ.

ಡೈಕಾಸ್ಟ್ ಆದರೆ ಆಕ್ಸಲ್ ಬಾಗಿರಬಹುದು, ಕೈಯಲ್ಲಿ ಮೆಲ್ಲಗೆ ಒತ್ತಿದರೆ ಸಾಮಾನ್ಯವಾಗಿ ನೇರವಾಗುತ್ತದೆ. ಕಿಟ್ ಆದರೆ ತಳದ ಪ್ಲಾಸ್ಟಿಕ್ ತಿರುಚಿದೆ. ಬಿಸಿನೀರಿನಲ್ಲಿ, ಕುದಿಯುವ ನೀರಲ್ಲ, ಅದ್ದಿ ಗಾಜಿಗೆ ಒತ್ತಿ ಹಿಡಿದು ತಣ್ಣಗಾಗಲು ಬಿಡಿ. ಬಣ್ಣ ಹೊಡೆದಾಗಿದ್ದರೆ ಈ ಕೆಲಸ ಬೇಡ. ಬದಲಿಗೆ ಮೇಲೆದ್ದ ಚಕ್ರ ಮತ್ತು ಅದರ ಎದುರು ಮೂಲೆಯ ಚಕ್ರ ಬಿಟ್ಟು, ಉಳಿದ ಎರಡರಲ್ಲಿ ಒಂದರ ಟೈರಿನ ತಳವನ್ನು ವಾಟರ್ ಪೇಪರಿನಲ್ಲಿ ತುಸು ಸವೆಸಿ. ಪ್ರತಿ ಸಲ ಸವೆಸಿದಾಗಲೂ ಗಾಜಿನ ಮೇಲಿಟ್ಟು ಪಟ್ಟಿ ತೂರಿಸಿ ನೋಡಿ. ನಾಲ್ಕೂ ಕಡೆ ಪಟ್ಟಿ ಸಿಕ್ಕಿಕೊಂಡರೆ ನಿಲ್ಲಿಸಿ.